ಖಳನಿಗೆ ಕೊಂಬು ಬರೆಯುವ ಮುನ್ನ

ಮಕ್ಕಳ ಆನಿಮೇಷನ್ ಸರಣಿಗಳಿಗೆ ಸ್ಟೋರಿಬೋರ್ಡ್ ಬರೆಯುವುದು ನನ್ನ ಕಸುಬು. ಕಥೆಯಲ್ಲಿ ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂದು ಬರಹಗಾರರು ತೀರ್ಮಾನಿಸುತ್ತಾರೆ. ಅದು ನೋಡುವ ಮಗುವಿಗೆ ಹೇಗೆ ಗೊತ್ತಾಗಬೇಕು ಎಂಬ ಪ್ರಶ್ನೆ ಮಾತ್ರ ನನ್ನ ಮೇಜಿಗೆ ಬರುತ್ತದೆ. ಈ ಕೆಲಸದಲ್ಲಿ ನಾನು ಎಡವಿದ್ದೇ ಹೆಚ್ಚು. ಹೊಸದಾಗಿ ಈ ಕಡೆ ಬರುವವರಿಗೆ ಉಪಯೋಗವಾದೀತೆಂದು ಕೆಲವನ್ನು ಬರೆದಿಡುತ್ತಿದ್ದೇನೆ.

1. ಮುಖಕ್ಕಿಂತ ಮೊದಲು ಕೈ ಬರೆಯಿರಿ

ಶುರುವಿನಲ್ಲಿ ನನ್ನ ಬಳಿ ಇದ್ದುದು ಒಂದೇ ಸೂತ್ರ. ಒಳ್ಳೆಯವರಿಗೆ ದುಂಡು ಮುಖ, ದೊಡ್ಡ ಕಣ್ಣು. ಕೆಟ್ಟವರಿಗೆ ಮೊನಚು ಗಲ್ಲ, ಏರಿದ ಹುಬ್ಬು. ಸೂತ್ರವೇನೋ ಸುಳ್ಳಲ್ಲ. ‘ದಿ ಲಯನ್ ಕಿಂಗ್’ (1994) ಚಿತ್ರದ ಮುಫಾಸಾನ ಮೈ ಅಗಲ, ಭುಜ ಭಾರ. ಅವನ ತಮ್ಮ ಸ್ಕಾರ್ ಒಣಕಲು, ಮುಖ ಉದ್ದ, ಕೇಸರ ಕಪ್ಪು. ಆದರೆ ಇದೇ ಲೆಕ್ಕದಲ್ಲಿ ನಾನು ಬರೆದ ಮಂತ್ರವಾದಿಯನ್ನು ನೋಡಿ ಒಂದು ಮಗುವೂ ಹೆದರಲಿಲ್ಲ. ಆಗ ಸ್ಕಾರ್‌ನ ಮೊದಲ ದೃಶ್ಯವನ್ನು ಒಂದೊಂದೇ ಶಾಟ್ ನಿಲ್ಲಿಸಿ ನೋಡುತ್ತ ಕೂತೆ. ಬಯಲಿನ ಪ್ರಾಣಿಗಳೆಲ್ಲ ಮರಿರಾಜನಿಗೆ ತಲೆಬಾಗಿದ ಹಾಡು ಆಗಷ್ಟೇ ಮುಗಿದಿದೆ. ಪುಟ್ಟ ಇಲಿಯೊಂದು ಓಡಾಡುತ್ತಿದೆ, ಪಂಜವೊಂದು ಅದರ ಮೇಲೆ ಬೀಳುತ್ತದೆ. ಆ ಇಲಿಯನ್ನು ಬೆರಳುಗಳ ನಡುವೆ ಆಡಿಸುತ್ತ, ತನಗಾದ ಅನ್ಯಾಯವನ್ನು ಸ್ಕಾರ್ ಅದರ ಹತ್ತಿರವೇ ತೋಡಿಕೊಳ್ಳುತ್ತಾನೆ. ಕೊಲ್ಲುವ ಆತುರ ಅವನಿಗಿಲ್ಲ. ನಮ್ಮ ಬೆನ್ನು ತಣ್ಣಗಾಗುವುದು ಆ ನಿಧಾನಕ್ಕೆ. ಮೊನಚು ಗಲ್ಲ ಅದಕ್ಕೆ ಒತ್ತಾಸೆ ಅಷ್ಟೆ. ಈಗ ಯಾವ ಪಾತ್ರ ಬಂದರೂ ಅದರ ಕೈ ಏನು ಮಾಡುತ್ತಿದೆ ಎಂಬುದು ಗೊತ್ತಾದ ಮೇಲೆಯೇ ಮುಖಕ್ಕೆ ಪೆನ್ಸಿಲ್ ಹಚ್ಚುತ್ತೇನೆ.

2. ಹಸಿರು ಬೆಳಕು ಖಳನ ಸ್ವತ್ತಲ್ಲ

‘ಸ್ಲೀಪಿಂಗ್ ಬ್ಯೂಟಿ’ (1959) ನೋಡಿದ ಮೇಲೆ ನನ್ನ ಖಳರೆಲ್ಲ ಹಸಿರು ಹೊಗೆಯಲ್ಲೇ ಬರತೊಡಗಿದರು. ಅದರ ಖಳನಾಯಕಿ ಮೆಲೆಫಿಸೆಂಟ್‌ಳ ಕೊಂಬು, ಕಪ್ಪು ನಿಲುವಂಗಿ, ಹಸಿರು ಜ್ವಾಲೆ ಅಷ್ಟು ಗಾಢವಾಗಿ ಮನಸ್ಸಿನಲ್ಲಿ ಕೂತಿದ್ದವು. ಬಹಳ ತಡವಾಗಿ ಗಮನಿಸಿದೆ: ರಾಜಕುಮಾರಿ ಅರೋರಾ ಮಂಕು ಕವಿದವಳಂತೆ ರಾಟೆಯ ಕಡೆಗೆ ನಡೆಯುವಾಗ ಅದೇ ಹಸಿರು ಅವಳ ಮುಖದ ಮೇಲೂ ಇದೆ. ಅವಳು ಕೆಟ್ಟವಳಾಗಿಲ್ಲ, ಕೇಡಿನ ಹಿಡಿತಕ್ಕೆ ಸಿಕ್ಕಿದ್ದಾಳೆ. ಬೆಳಕು ತೋರಿಸುತ್ತಿರುವುದು ಆ ಹಿಡಿತವನ್ನು. ಅಂದಹಾಗೆ, ಅರೋರಾ ಮತ್ತು ಮೆಲೆಫಿಸೆಂಟ್ ಇಬ್ಬರ ಆನಿಮೇಷನ್ ಹೊಣೆಯನ್ನೂ ಹೊತ್ತಿದ್ದವರು ಒಬ್ಬರೇ ಕಲಾವಿದರು, ಮಾರ್ಕ್ ಡೇವಿಸ್.

3. ಒಂದೇ ಶಾಟ್ ಎರಡನೇ ಸಲ ಬಂದರೆ ಅದು ಸಾಕ್ಷಿಯಾಗುತ್ತದೆ

ಕ್ಯಾಮೆರಾ ಕೆಳಗಿಟ್ಟರೆ ಖಳ ಭಯಂಕರನಾಗಿ ಕಾಣುತ್ತಾನೆ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಆದರೆ ಮುಫಾಸಾನ ಘನತೆ ತೋರಿಸಲಿಕ್ಕೂ ಕ್ಯಾಮೆರಾ ಕೆಳಗೇ ಇರುತ್ತದೆ. ವ್ಯತ್ಯಾಸ ಬರುವುದು ಚೌಕಟ್ಟಿನಲ್ಲಿ ಜೊತೆಗೆ ಯಾರಿದ್ದಾರೆ ಎಂಬುದರಿಂದ. ಸ್ಕಾರ್‌ನ ಹಾಡಿನಲ್ಲಿ ಕತ್ತೆಕಿರುಬಗಳು ಸಾಲುಗಟ್ಟಿ ಕವಾಯತು ಮಾಡುತ್ತವೆ, ಅವನು ಎತ್ತರದ ಬಂಡೆಯ ಮೇಲಿದ್ದಾನೆ. ಆ ದೃಶ್ಯಕ್ಕೆ ಮಾದರಿ ನಾಜಿ ಪಕ್ಷದ ಸಮಾವೇಶವನ್ನು ಚಿತ್ರಿಸಿದ 1935ರ ‘ಟ್ರಯಂಫ್ ಆಫ್ ದಿ ವಿಲ್’.

ನನಗೆ ಇದಕ್ಕಿಂತ ದೊಡ್ಡ ಪಾಠ ಸಿಕ್ಕಿದ್ದು ಬಂಡೆಯಂಚಿನ ದೃಶ್ಯಗಳಲ್ಲಿ. ನೇತಾಡುತ್ತಿರುವ ಅಣ್ಣನ ಮುಂಗಾಲುಗಳಿಗೆ ಸ್ಕಾರ್ ಉಗುರು ಊರುತ್ತಾನೆ, ಕಿವಿಯ ಬಳಿ ಬಾಗಿ ಒಂದು ಮಾತು ಹೇಳಿ ಕೆಳಕ್ಕೆ ನೂಕುತ್ತಾನೆ. ಚಿತ್ರದ ಕೊನೆಯಲ್ಲಿ ಮುಫಾಸಾನ ಮಗ ಸಿಂಬಾ ಅದೇ ರೀತಿ ನೇತಾಡುತ್ತಾನೆ. ಅದೇ ಉಗುರು, ಅದೇ ಬಾಗುವಿಕೆ, ಅದೇ ಪಿಸುಮಾತು. ಅಪ್ಪನನ್ನು ಕೊಂದವನು ಯಾರೆಂದು ಸಿಂಬಾನಿಗೆ ಗೊತ್ತಾಗುವ ಹೊತ್ತಿಗೆ ನಮಗೂ ಮೊದಲ ದೃಶ್ಯ ಕಣ್ಣೆದುರು ಬಂದಿರುತ್ತದೆ. ನಾನು ಇಂಥ ಕಡೆ ಫ್ಲ್ಯಾಶ್‌ಬ್ಯಾಕ್ ಹಾಕಿ ಉದ್ದುದ್ದ ಮಾತು ಬರೆಯುತ್ತಿದ್ದೆ. ಮೊದಲ ದೃಶ್ಯದ ಸಂಯೋಜನೆಯನ್ನೇ ಮತ್ತೆ ತಂದರೆ ಅರ್ಧ ಮಾತು ಉಳಿಯುತ್ತದೆ.

4. ದನಿ ಏರಿಸಬೇಡಿ

ಮೆಲೆಫಿಸೆಂಟ್‌ಗೆ ದನಿ ಕೊಟ್ಟ ಎಲಿನಾರ್ ಆಡ್ಲಿ, ಸ್ಕಾರ್‌ಗೆ ದನಿ ಕೊಟ್ಟ ಜೆರೆಮಿ ಐರನ್ಸ್, ಇಬ್ಬರೂ ಬಹುಪಾಲು ಮಾತನ್ನು ತಗ್ಗಿದ ದನಿಯಲ್ಲೇ ಆಡುತ್ತಾರೆ. ಹೀಗಾಗಿ ಅವರು ಕೂಗಿದ ಒಂದೆರಡು ಕಡೆ ಮೈ ಜುಮ್ಮೆನ್ನುತ್ತದೆ.

5. ಅಚ್ಚರಿಯ ಖಳನಿಗೂ ಸುಳಿವು ಇಡಿ

‘ಫ್ರೋಜನ್’ (2013) ಚಿತ್ರದ ಹಾನ್ಸ್ ಖಳನೆಂದು ಬಯಲಾಗುವವರೆಗೂ ಒಳ್ಳೆಯ ರಾಜಕುಮಾರ. ಮೊದಲ ಭೇಟಿಯಲ್ಲಿ ನೀರಿಗೆ ಬಿದ್ದು, ದೋಣಿಯ ಕೆಳಗಿನಿಂದ ತಲೆ ಎತ್ತಿ, ಹೊರಟುಹೋದ ರಾಜಕುಮಾರಿ ಅನಾಳ ದಿಕ್ಕಿಗೆ ಪ್ರೀತಿಯಿಂದ ನಗುತ್ತಾನೆ. ಆ ನಗುವನ್ನು ನೋಡಲು ಅಲ್ಲಿ ಯಾರೂ ಇಲ್ಲ, ನಾವು ಮಾತ್ರ. ಅಂದಮೇಲೆ ಇಲ್ಲಿ ಮೋಸ ಮಾಡಿದ್ದು ಹಾನ್ಸ್‌ಗಿಂತ ಹೆಚ್ಚಾಗಿ ಕ್ಯಾಮೆರಾ ಎಂದು ನನಗೆ ಅನ್ನಿಸುತ್ತದೆ, ಒಪ್ಪದವರೂ ಇದ್ದಾರೆ. ‘ಕೊಕೊ’ (2017) ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಬಿಳಿ ಉಡುಪಿನ ಮಹಾಗಾಯಕ ಅರ್ನೆಸ್ಟೊ ಗೆಳೆಯನಿಗೆ ವಿಷ ಹಾಕಿದ್ದು ಬಯಲಾಗುವುದು, ಅವನೇ ನಟಿಸಿದ ಹಳೆಯ ಸಿನಿಮಾದಲ್ಲಿ ಅಂಥದೇ ದೃಶ್ಯ ಇರುವುದರಿಂದ. ಕೊನೆಗೆ ಅವನ ಬಣ್ಣ ಕಳಚುವುದೂ ಅವನ ಮೇಲೆ ತಿರುಗಿಸಿಟ್ಟ ಕ್ಯಾಮೆರಾದಿಂದಲೇ. ದೊಡ್ಡ ಪರದೆಯಲ್ಲಿ ಜನ ಎಲ್ಲವನ್ನೂ ನೋಡಿಬಿಡುತ್ತಾರೆ.

6. ಮುಖ ಬದಲಿಸದೆ ಮನೆ ಬದಲಿಸಿ ನೋಡಿ

ಹಯಾವೊ ಮಿಯಾಝಾಕಿ ಅವರ ‘ಸ್ಪಿರಿಟೆಡ್ ಅವೇ’ (2001) ನೋಡಿದಾಗ ನನ್ನ ಸೂತ್ರಗಳೆಲ್ಲ ಬುಡಮೇಲಾದವು. ಯುಬಾಬಾ, ಝೆನಿಬಾ ಅವಳಿ ಮಾಟಗಾತಿಯರು. ಅದೇ ದಪ್ಪ ತಲೆ, ಅದೇ ತುರುಬು, ಅದೇ ಉಡುಪು. ಜಪಾನಿ ಮೂಲದಲ್ಲಿ ಇಬ್ಬರಿಗೂ ದನಿ ಕೊಟ್ಟವರು ಮಾರಿ ನತ್ಸುಕಿ ಒಬ್ಬರೇ. ಯುಬಾಬಾ ಇರುವುದು ಭಾರಿ ಹೂಜಿಗಳು, ರತ್ನಗಳು ತುಂಬಿದ ಭವ್ಯ ಕೋಣೆಗಳಲ್ಲಿ. ಝೆನಿಬಾಳದು ಚಿಕ್ಕ ಮನೆ, ಊಟದ ಮೇಜು, ನೂಲುವ ರಾಟೆ. ಯುಬಾಬಾಳ ಸ್ನಾನಗೃಹದಲ್ಲಿ ಕೈಗೆ ಸಿಕ್ಕವರನ್ನು ನುಂಗಿ ಊದಿಕೊಂಡಿದ್ದ ಮುಖವಿಲ್ಲದ ಭೂತ ಈ ಮನೆಗೆ ಬಂದು ತೆಪ್ಪಗೆ ನೂಲಲು ಕೂರುತ್ತದೆ. ಹಾಗಂತ ಝೆನಿಬಾ ದೇವತೆಯೇನಲ್ಲ. ಮೊದಲು ಬಂದಾಗ ಅವಳೂ ಸಿಟ್ಟಿನಲ್ಲೇ ಬಂದಿದ್ದಳು. ಒಳ್ಳೆಯತನವನ್ನು ಒಂದು ಕೋಣೆ, ಅದರ ಬೆಳಕು, ಅಲ್ಲಿನ ಕೆಲಸದ ಮೂಲಕ ತೋರಿಸಬಹುದೆಂದು ನಾನು ಕಲಿತದ್ದು ಇಲ್ಲಿ.

7. ಖಳನ ಮೈಬಣ್ಣ, ಖಳನ ಮಾತು

ಇದನ್ನು ನಾನು ಮೊದಲೇ ಕಲಿಯಬೇಕಿತ್ತು. ಒಂದು ಪೌರಾಣಿಕ ಸರಣಿಗೆ ರಕ್ಕಸರನ್ನು ಬರೆದಾಗ ಎಲ್ಲರ ಮೈಗೂ ಕಡುಗಪ್ಪು ಬಳಿದಿದ್ದೆ. ಆಮೇಲೊಮ್ಮೆ ಹಳ್ಳಿಯ ಶಾಲೆಯಲ್ಲಿ ಚಿತ್ರ ಹೇಳಿಕೊಡುತ್ತ ‘ಒಬ್ಬ ಕೆಟ್ಟ ಮನುಷ್ಯನನ್ನು ಬರೀರಿ’ ಅಂದೆ. ಮಕ್ಕಳ ಕೈಗಳು ಕಪ್ಪು ಸ್ಕೆಚ್ ಪೆನ್ನಿಗೆ ಹೋದವು. ಆ ಕೈಗಳ ಬಣ್ಣವೂ ಕಪ್ಪೇ. ಅಂದು ನನಗಾದ ನೋವು ಇನ್ನೂ ಹೋಗಿಲ್ಲ. ಮಾತಿನ ವಿಷಯವೂ ಅಷ್ಟೇ. ‘ಅಲಾದೀನ್’ (1992) ಚಿತ್ರದಲ್ಲಿ ನಾಯಕ ನಾಯಕಿಯರದು ಅಮೆರಿಕದ ಉಚ್ಚಾರಣೆ, ಕಾವಲುಗಾರರು ವ್ಯಾಪಾರಿಗಳದು ಪರದೇಶಿ ಉಚ್ಚಾರಣೆ. ಅರಬ್ ಮೂಲದ ಅಮೆರಿಕನ್ನರು ಪ್ರತಿಭಟಿಸಿದ ಮೇಲೆ 1993ರ ವಿಡಿಯೊ ಆವೃತ್ತಿಯಲ್ಲಿ ಮೊದಲ ಹಾಡಿನ ಸಾಲನ್ನು ಬದಲಿಸಿದರು. ಉಚ್ಚಾರಣೆ ಹಾಗೇ ಉಳಿಯಿತು. ಕನ್ನಡದಲ್ಲಿ ಮಕ್ಕಳ ಚಿತ್ರಗಳಿಗೆ ಡಬ್ಬಿಂಗ್ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ರಾಜಕುಮಾರನಿಗೆ ಪುಸ್ತಕದ ಕನ್ನಡ ಕೊಟ್ಟು, ಅವನನ್ನು ಅಟ್ಟಿಸಿಕೊಂಡು ಬರುವ ಪುಂಡರಿಗೆ ಹುಬ್ಬಳ್ಳಿಯದೋ ಮಂಗಳೂರಿನದೋ ಕನ್ನಡ ಕೊಡಬೇಡಿ. ಆ ಊರುಗಳ ಮಕ್ಕಳೂ ಅದೇ ಚಿತ್ರ ನೋಡುತ್ತಾರೆ.