ಕೀಲಿಕೈ ಕೊಡುವ ಮುನ್ನ ಲೆಕ್ಕದ ಚೀಟಿ ಬರೆಸಿಕೊಳ್ಳಿ

ಬಾಡಿಗೆ ಮನೆ ಬಿಟ್ಟ ಮೇಲೆ ಮುಂಗಡದ ಹಣಕ್ಕಾಗಿ ತಿಂಗಳುಗಟ್ಟಲೆ ಅಲೆಯುವವರು ನಮ್ಮ ಭಾಗದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಚಿಗಳ್ಳಿಯಂಥ ಊರಲ್ಲಿ ಮನೆ ಹಿಡಿದು ವರ್ಗವಾಗಿ ಹೋದ ಶಿಕ್ಷಕರು, ಹಳಿಯಾಳದಲ್ಲಿ ಎಂಜಿನಿಯರಿಂಗ್ ಓದಲು ರೂಮು ಮಾಡಿದ ಹುಡುಗರು, ದಾಂಡೇಲಿಯಲ್ಲಿ ಗುತ್ತಿಗೆ ಕೆಲಸ ಮುಗಿಸಿ ಹೊರಟವರು, ಜೋಯಿಡಾದ ಹೋಂಸ್ಟೇಗಳಲ್ಲಿ ದುಡಿದವರು ಎಲ್ಲರೂ ಕೇಳಿಸಿಕೊಳ್ಳುವ ಉತ್ತರ ಒಂದೇ: ‘ತಡೀರಿ ಸರ, ಹೊಸಾ ಬಾಡಗಿದಾರು ಬರ್ಲಿ. ಅವರ ಅಡ್ವಾನ್ಸ್ ಬಂದಕೂಡ್ಲೆ ನಿಮ್ದು ಕೊಡ್ತೀನಿ.’ ಎರಡು ತಿಂಗಳು ಕಳೆದ ಮೇಲೆ ಗೋಡೆ ಹಾಳಾಗಿದೆ, ನಲ್ಲಿ ಮುರಿದಿದೆ, ಬಣ್ಣಕ್ಕೆ ಇಷ್ಟು ಖರ್ಚಾಯಿತು ಎಂಬ ಮಾತು ಶುರುವಾಗುತ್ತದೆ.

ಬಹುಪಾಲು ಜಗಳಗಳ ಬೇರು ಗೋಡೆಯಲ್ಲಿಲ್ಲ. ಮುಂಗಡದ ಹಣವನ್ನು ಮಾಲೀಕರು ಎಂದೋ ಖರ್ಚು ಮಾಡಿರುತ್ತಾರೆ. ಕೊಡಲು ಕೈಯಲ್ಲಿ ಇರುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಮುಂದಿನ ಹೆಜ್ಜೆ ಸುಲಭ.

ಕಾನೂನಿನ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ಕರ್ನಾಟಕ ಬಾಡಿಗೆ ಕಾಯ್ದೆ 1999 ಎಂಬುದೊಂದಿದೆ. ಅದು ಅನ್ವಯಿಸುವ ಊರುಗಳಲ್ಲೂ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳು ಅದರ ಹೊರಗೆ ಉಳಿಯುತ್ತವೆ. ಸಣ್ಣ ಊರುಗಳಿಗೆ ಈ ಮಿತಿ ಇನ್ನೂ ಕಡಿಮೆ. ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂದು ಮೊಬೈಲಿನಲ್ಲಿ ಓಡಾಡುವ ಸಂದೇಶ 2021ರಲ್ಲಿ ಕೇಂದ್ರ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯದು. ಅದು ಬರೀ ಮಾದರಿ. ರಾಜ್ಯ ತನ್ನದೇ ಕಾನೂನು ಮಾಡದೆ ಅದನ್ನು ಮಾಲೀಕರ ಮುಂದೆ ಹಿಡಿದರೆ ಪ್ರಯೋಜನವಿಲ್ಲ. ನಿಮ್ಮ ಕೈ ಹಿಡಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ, 1872ರ ಕರಾರು ಕಾಯ್ದೆ ಮತ್ತು ನಿಮ್ಮ ಬಳಿ ಇರುವ ಕಾಗದ.

ಕರಾರೇ ಬರೆದಿಲ್ಲ, ಬಾಯಿ ಮಾತಿನ ಮೇಲೆ ಮನೆ ಹಿಡಿದದ್ದು ಎಂದು ಕೈಚೆಲ್ಲಬೇಡಿ. ಒಂದು ವರ್ಷದೊಳಗಿನ ಬಾಡಿಗೆ ಬಾಯಿ ಮಾತಿನಲ್ಲೂ ಊರ್ಜಿತ. ಮುಂಗಡ ಕೊಟ್ಟದ್ದಕ್ಕೆ ಫೋನ್‌ಪೇ ದಾಖಲೆ, ಬ್ಯಾಂಕ್ ಪಾಸ್‌ಬುಕ್, ವಾಟ್ಸ್‌ಆ್ಯಪ್ ಮಾತು, ಮನೆ ತೋರಿಸಿದವರ ಸಾಕ್ಷಿ ಇದ್ದರೆ ದಾರಿ ಇದೆ. ನಗದು ಕೊಟ್ಟು ರಸೀದಿ ಪಡೆಯದವರು, 40 ಸಾವಿರ ಕೊಟ್ಟು ಕರಾರಿನಲ್ಲಿ 10 ಸಾವಿರ ಎಂದು ಬರೆಯಲು ಒಪ್ಪಿದವರು ಮಾತ್ರ ಕಷ್ಟಕ್ಕೆ ಸಿಲುಕುತ್ತಾರೆ. ಅಂಥವರು ಮನೆ ಬಿಡುವ ಮಾತು ಎತ್ತುವ ಮೊದಲೇ ‘ನಮ್ಮ ಮುಂಗಡ 40 ಸಾವಿರ ನಿಮ್ಮ ಹತ್ತಿರ ಇದೆಯಲ್ಲ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕೇಳಿ, ‘ಹೌದು’ ಎಂಬ ಉತ್ತರ ಪಡೆದು ಇಟ್ಟುಕೊಳ್ಳಲಿ. ಸಂಬಂಧ ಚೆನ್ನಾಗಿರುವಾಗಲೇ ಈ ಉತ್ತರ ಸಿಗುವುದು.

ಮನೆ ಬಿಡುವ ವಿಷಯವನ್ನು ಬರಹದಲ್ಲಿ ತಿಳಿಸಿ. ಕರಾರಿನಲ್ಲಿ ಒಂದು ತಿಂಗಳು ಎಂದಿದ್ದರೆ ಒಂದು ತಿಂಗಳು. ಏನೂ ಬರೆದಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಗೆ ಕಾಯ್ದೆಯ ಪ್ರಕಾರ 15 ದಿನಗಳ ನೋಟಿಸ್. ‘ಕಡೇ ಎರಡು ತಿಂಗಳ ಬಾಡಿಗೆ ಅಡ್ವಾನ್ಸ್‌ನ್ಯಾಗ ಮುರ್ಕೊಳ್ರಿ’ ಎಂದು ನೀವೇ ತೀರ್ಮಾನ ಮಾಡಬೇಡಿ. ಮಾಲೀಕರು ಬರೆದು ಒಪ್ಪಿದರೆ ಅದರಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಒಪ್ಪದಿದ್ದರೆ ಬಾಡಿಗೆ ಬಾಕಿ ಉಳಿಸಿಕೊಂಡ ಹೆಸರು ನಿಮ್ಮದಾಗುತ್ತದೆ.

ಇನ್ನು ಕೀಲಿಕೈ. ಜನ ಎಡವುವುದು ಇಲ್ಲೇ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ಒಂದು ಗುಂಪು ಸಾಮಾನು ಲಾರಿಗೆ ಏರಿಸಿ, ಕೀಲಿಕೈಯನ್ನು ಪಕ್ಕದ ಮನೆಯವರ ಕೈಗಿಟ್ಟು ಹೊರಟುಬಿಡುತ್ತದೆ. ಆ ಕ್ಷಣದಿಂದ ಮನೆಯ ಸ್ಥಿತಿ ಹೇಗಿತ್ತು ಎಂದು ಹೇಳಲು ಮಾಲೀಕರ ಮಾತು ಒಂದೇ ಉಳಿಯುತ್ತದೆ. ಇನ್ನೊಂದು ಗುಂಪು ‘ರೊಕ್ಕ ಕೊಡೋತನಕ ಕೀಲಿಕೈ ಕೊಡೋದಿಲ್ಲ’ ಎಂದು ಬೀಗ ಹಾಕಿ ಹೋಗುತ್ತದೆ. ಇದು ಇನ್ನೂ ದುಬಾರಿ. ಮನೆ ಮಾಲೀಕರ ವಶಕ್ಕೆ ಬಾರದ ತನಕ ಅವರು ಬಾಡಿಗೆ ಎಣಿಸುತ್ತಲೇ ಹೋಗಬಹುದು. ಮೂರು ತಿಂಗಳು ಹಟ ಹಿಡಿದರೆ ಮುಂಗಡ ಅದರಲ್ಲೇ ಕರಗುತ್ತದೆ.

ಸರಿಯಾದ ದಾರಿ ಇವೆರಡರ ನಡುವೆ ಇದೆ. ಸಾಮಾನು ಪೂರ್ತಿ ತೆಗೆದು, ಕಸ ಗುಡಿಸಿ, ಹಗಲು ಬೆಳಕಿನಲ್ಲಿ ಮಾಲೀಕರನ್ನೋ ಅವರ ಮನೆಯವರನ್ನೋ ಕರೆಯಿರಿ. ನಿಮ್ಮ ಕಡೆಯ ಒಬ್ಬರು ಜೊತೆಗಿರಲಿ. ಕೋಣೆ ಕೋಣೆಯ ವಿಡಿಯೊ ಮಾಡಿ: ಗೋಡೆ, ಕಿಟಕಿ ಗಾಜು, ಬಾಗಿಲ ಚಿಲಕ, ಅಡುಗೆಮನೆ ಕಟ್ಟೆ, ಬಚ್ಚಲಿನ ನಲ್ಲಿ, ಫ್ಯಾನ್ ತಿರುಗುವುದು, ಹೆಸ್ಕಾಂ ಮೀಟರಿನ ಅಂಕಿ. ಅಲ್ಲೇ ಕುಳಿತು ಒಂದು ಹಾಳೆಯಲ್ಲಿ ಹೀಗೆ ಬರೆಯಿರಿ:

‘ಈ ದಿನ (ದಿನಾಂಕ) ಮನೆ ಖಾಲಿ ಮಾಡಿ ಎರಡು ಕೀಲಿಕೈ ಒಪ್ಪಿಸಲಾಗಿದೆ. ಮುಂಗಡ ರೂ. 30,000. ಬಾಡಿಗೆ ಬಾಕಿ ಇಲ್ಲ. ಕರೆಂಟ್ ಬಿಲ್ ರೂ. 640, ನಲ್ಲಿ ದುರಸ್ತಿ ರೂ. 350 ಕಳೆದು ಉಳಿದ ರೂ. 29,010 ಅನ್ನು (ದಿನಾಂಕ)ದ ಒಳಗೆ ಹಿಂದಿರುಗಿಸುವುದು.’

ಇಬ್ಬರ ಸಹಿ, ಒಬ್ಬ ಸಾಕ್ಷಿಯ ಸಹಿ. ಸಹಿ ಬಿದ್ದ ಹಾಳೆ ನಿಮ್ಮ ಕೈಗೆ, ಕೀಲಿಕೈ ಅವರ ಕೈಗೆ. ‘ನಂಬಿಕೆ ಇಲ್ಲೇನ್ರೀ?’ ಎಂದು ಕೇಳುವ ಮಾಲೀಕರಿದ್ದಾರೆ. ‘ನಂಬಿಕಿ ಐತ್ರೀ, ಲೆಕ್ಕಾ ಇಬ್ಬರಿಗೂ ನೆನಪಿರ್ಲಿ ಅಂತ’ ಎಂದು ಮೆತ್ತಗೆ ಹೇಳಿ, ಆದರೆ ಹಾಳೆ ಬಿಡಬೇಡಿ. ಹಿರಿಯರು, ಪರಿಚಯದವರು, ಒಂದೇ ಓಣಿಯವರು ಎಂದು ಇಲ್ಲಿ ಸಂಕೋಚಪಟ್ಟವರೇ ಮುಂದೆ ಆ ಓಣಿಯಲ್ಲಿ ಮಾತು ಬಿಡುವ ಸ್ಥಿತಿಗೆ ಬರುತ್ತಾರೆ. ಮಾಲೀಕರು ಬರಲೇ ಒಪ್ಪದಿದ್ದರೆ ‘ಮನೆ ಖಾಲಿಯಾಗಿದೆ, ಕೀಲಿಕೈ ಒಪ್ಪಿಸಲು ಸಿದ್ಧನಿದ್ದೇನೆ’ ಎಂದು ಅದೇ ದಿನ ಸಂದೇಶ ಕಳಿಸಿ, ವಿಡಿಯೊ ಜೊತೆಗೆ ಹಾಕಿ. ಆ ಫೋನನ್ನು ಮಾರಬೇಡಿ, ಸಂದೇಶ ಅಳಿಸಬೇಡಿ. ಕೋರ್ಟಿಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದೊಂದಿಗೆ ಅದನ್ನು ಹಾಜರುಪಡಿಸಬೇಕಾಗುತ್ತದೆ.

ಕೈಯಲ್ಲಿ ಹಣವಿಲ್ಲ ಎಂದು ಮಾಲೀಕರು ನೇರವಾಗಿ ಹೇಳಿದರೆ ಅದಕ್ಕಾಗಿ ಜಗಳ ಬೇಡ. ಎರಡು ಕಂತು ಮಾಡಿ, ಮುಂದಿನ ದಿನಾಂಕದ ಚೆಕ್ ಪಡೆಯಿರಿ. ಚೆಕ್ಕಿಗೆ ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳ ಆಯುಷ್ಯ. ಹಣವಿಲ್ಲದೆ ವಾಪಸಾದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು; ನೋಟಿಸ್ ತಲುಪಿದ 15 ದಿನದಲ್ಲಿ ಹಣ ಬಾರದಿದ್ದರೆ ಅದು ಕ್ರಿಮಿನಲ್ ಪ್ರಕರಣದ ದಾರಿ ಹಿಡಿಯುತ್ತದೆ. ಬಾಯಿ ಮಾತಿನ ಹತ್ತು ಭರವಸೆಗಿಂತ ಒಂದು ಚೆಕ್ ಮೇಲು.

ಬಣ್ಣ, ಮೊಳೆ, ಮಳೆ

ಏನೆಲ್ಲ ಮುರಿದುಕೊಳ್ಳಬಹುದು? ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು, ಬಳಕೆಯಿಂದ ಸಹಜವಾಗಿ ಆಗುವ ಸವಕಳಿ ಮತ್ತು ತಡೆಯಲಾಗದ ಪ್ರಕೃತಿ ಹೊಡೆತ ಬಿಟ್ಟು ಉಳಿದ ಹಾನಿಗೆ ಬಾಡಿಗೆದಾರನನ್ನು ಹೊಣೆ ಮಾಡುತ್ತದೆ. ಮೂರು ವರ್ಷದ ಬಣ್ಣ ಮಾಸುವುದು, ಕ್ಯಾಲೆಂಡರಿನ ಮೊಳೆ ಗುರುತು ಸವಕಳಿ. ಒಡೆದ ಗಾಜು, ಕಿತ್ತ ಸ್ವಿಚ್ ಬೋರ್ಡು, ಬಿರುಕು ಬಿಟ್ಟ ಕಮೋಡು ಹಾನಿ. ಇದರ ಖರ್ಚು ನೀವು ಕೊಡಬೇಕು, ಕೊಡುವುದೇ ನ್ಯಾಯ. ಬೆಂಗಳೂರಿನಲ್ಲಿ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ವಾಡಿಕೆಯಿದೆ. ಕರಾರಿನಲ್ಲಿ ನೀವು ಒಪ್ಪಿ ಸಹಿ ಹಾಕಿದ್ದರೆ ಅದನ್ನು ತಪ್ಪಿಸಿಕೊಳ್ಳುವುದು ಕಷ್ಟ. ಬರೆದಿಲ್ಲದಿದ್ದರೆ ವಾಡಿಕೆಯ ಹೆಸರಿನಲ್ಲಿ ಮುರಿಯುವುದನ್ನು ನೀವು ಪ್ರಶ್ನಿಸಬಹುದು.

ನಮ್ಮಲ್ಲಿ ಮಳೆಯದೇ ಒಂದು ತಕರಾರು. ವರ್ಗಾವಣೆ, ಶಾಲೆ ಬದಲಾವಣೆ ಎಲ್ಲ ಜೂನ್ ಆಸುಪಾಸಿನಲ್ಲಿ. ಮನೆ ಖಾಲಿಯಾಗಿ ಬಾಗಿಲು ಮುಚ್ಚಿದ ಎರಡೇ ವಾರದಲ್ಲಿ ಗೋಡೆಗೆ ಬೂಷ್ಟು ಹತ್ತುತ್ತದೆ, ಹೆಂಚಿನ ಸಂದಿಯಿಂದ ನೀರು ಇಳಿಯುತ್ತದೆ. ಅದನ್ನು ತೋರಿಸಿ ನಿಮ್ಮ ಹಣ ಮುರಿದರೆ ತಾರೀಖು ಇರುವ ಆ ವಿಡಿಯೊ ಒಂದೇ ಉತ್ತರ. ವಾಸವಿರುವಾಗಲೇ ಸೋರಿಕೆ ಕಂಡರೆ ಅಂದೇ ಫೋಟೊ ಕಳಿಸಿ ತಿಳಿಸಿರಿ.

‘11 ತಿಂಗಳು ತುಂಬದೆ ಬಿಟ್ಟರೆ ಮುಂಗಡ ಪೂರ್ತಿ ಜಪ್ತಿ’ ಎಂಬ ಸಾಲನ್ನು ಕರಾರಿನಲ್ಲಿ ಕಂಡು ಹೆದರುವವರೂ ಇದ್ದಾರೆ. ಕರಾರು ಕಾಯ್ದೆಯ 74ನೇ ಕಲಮಿನಂತೆ ಕೋರ್ಟು ಕೊಡಿಸುವುದು ಯೋಗ್ಯ ಪರಿಹಾರವನ್ನಷ್ಟೇ.



ಇಷ್ಟಾಗಿಯೂ ಕೊಡದಿದ್ದರೆ

ಮೊತ್ತ, ದಿನಾಂಕ ಬರೆದು 15 ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಇದು ಸಿವಿಲ್ ವ್ಯಾಜ್ಯ, ಪೊಲೀಸ್ ಠಾಣೆಯಲ್ಲಿ ಹಣ ವಸೂಲಾಗದು. ಸಾಮಾನು ತಡೆದರೆ, ಬೆದರಿಸಿದರೆ ಮಾತ್ರ 112ಕ್ಕೆ ಕರೆ ಮಾಡಿ. ವಕೀಲರಿಗೆ ದುಡ್ಡು ಸುರಿಯುವ ಮುನ್ನ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವ್ಯಾಜ್ಯಪೂರ್ವ ಅರ್ಜಿ ಕೊಡಿ. ಅವರು ಮಾಲೀಕರಿಗೆ ನೋಟಿಸ್ ಕಳಿಸುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಆ ತೀರ್ಪು ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ರಾಜಿಯಾಗದಿದ್ದರೆ ಸಿವಿಲ್ ದಾವೆ. ಅದಕ್ಕೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ, ಸುಮ್ಮನೆ ದಿನ ದೂಡಬೇಡಿ. ಭೋಗ್ಯಕ್ಕೆ ಮನೆ ಹಿಡಿದು ಲಕ್ಷಗಟ್ಟಲೆ ಕೊಟ್ಟವರು ಮಾತ್ರ ಮೊದಲೇ ವಕೀಲರನ್ನು ಕಾಣುವುದು ಲೇಸು.

ಸಮಿತಿಯ ಕಚೇರಿ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುತ್ತದೆ, ಲೋಕ ಅದಾಲತ್‌ಗೆ ಶುಲ್ಕವಿಲ್ಲ. ಕಾನೂನು ನೆರವಿನ ಉಚಿತ ಸಹಾಯವಾಣಿ 15100.