ಸಣ್ಣ ವಿಮಾನ ನಿಲ್ದಾಣದ ಬಯಲು

ಸಣ್ಣ ವಿಮಾನ ನಿಲ್ದಾಣವೊಂದನ್ನು ಬೇಲಿಯ ಹೊರಗೆ ನಿಂತು ನೋಡಿದವರಿಗೆ ಮೊದಲು ಕಾಣುವುದು ಬಯಲು. ನಡುವೆ ಒಂದು ರನ್‌ವೇ, ಮೂಲೆಯಲ್ಲಿ ಎರಡು ಮೂರು ಹ್ಯಾಂಗರುಗಳು, ಕೆಲವು ಪುಟ್ಟ ವಿಮಾನಗಳು, ಉಳಿದುದೆಲ್ಲ ಹುಲ್ಲು. ಇಷ್ಟು ನೆಲವನ್ನು ಪಾಳು ಬಿಟ್ಟಿರುವುದೇಕೆಂಬ ಪ್ರಶ್ನೆ ಸಹಜವಾದುದೇ. ಈ ಬಯಲಿನಲ್ಲಿ ನಿಜವಾಗಿ ಪಾಳು ಬಿದ್ದಿರುವುದೆಷ್ಟು ಎಂಬುದನ್ನು ನಾವು ಲೆಕ್ಕ ಹಾಕಿ ನೋಡೋಣ.

ತರಬೇತಿಯಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಸೆಸ್ನಾ 172 ವಿಮಾನವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ರೆಕ್ಕೆಯ ತುದಿಯಿಂದ ತುದಿಗೆ 11 ಮೀಟರ್, ಉದ್ದ 8.3 ಮೀಟರ್, ಎತ್ತರ 2.7 ಮೀಟರ್. ಇದು ಆವರಿಸುವ ಚೌಕಟ್ಟು ಸುಮಾರು 91 ಚದರ ಮೀಟರ್. ಆದರೆ ಅಷ್ಟೇ ಜಾಗ ಕೊಟ್ಟರೆ ಸಾಲದು. ಈ ಗಾತ್ರದ ವಿಮಾನಗಳು ನಿಂತಲ್ಲಿ ಅಕ್ಕಪಕ್ಕಕ್ಕೆ 3 ಮೀಟರ್ ತೆರವಿರಬೇಕು. ಅವು ಸಾಲಿನಿಂದ ಹೊರಬರುವ ದಾರಿಯ ನಡುಗೆರೆಯಿಂದ ಎರಡು ಬದಿಗೂ 12 ಮೀಟರ್ ಬಿಡುವಿರಬೇಕು. ಇವು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅಳತೆಗಳು. ಎದುರುಬದುರಾಗಿ ಎರಡು ಸಾಲು ನಿಲ್ಲಿಸಿ ನಡುವೆ ದಾರಿ ಬಿಟ್ಟರೆ, ಒಂದು ಜೊತೆಗೆ ಅಗಲ 14 ಮೀಟರ್, ಆಳ ಸುಮಾರು 41 ಮೀಟರ್. ಎಂದರೆ ಒಂದೊಂದಕ್ಕೆ 287 ಚದರ ಮೀಟರ್. ವಿಮಾನದ ಚೌಕಟ್ಟಿನ ಮೂರರಷ್ಟಕ್ಕೂ ಹೆಚ್ಚು! ಹತ್ತು ವಿಮಾನಗಳಿಗೆ ಮುಕ್ಕಾಲು ಎಕರೆಯ ಹತ್ತಿರ ಬೇಕಾಯಿತು.

ನಿಂತ ವಿಮಾನಕ್ಕೆ ಗಾಳಿಯ ಭಯವೂ ಉಂಟು. ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ಈ ರೆಕ್ಕೆ ತನ್ನ ವಿಮಾನದ 1,100 ಕಿಲೋಗ್ರಾಮ್ ತೂಕವನ್ನೆಲ್ಲ ಹೊರಬಲ್ಲದು. ಎತ್ತುವ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ರೆಕ್ಕೆಯ ಓರೆ ಅಷ್ಟೇ ಇದ್ದರೆ, 50 ಕಿಲೋಮೀಟರಿನ ಗಾಳಿಯೂ ಅದರ ಕಾಲುಭಾಗವನ್ನು ಎತ್ತೀತು. ನಿಂತಾಗ ಓರೆ ಕಡಿಮೆ, ಬಲವೂ ಕಡಿಮೆ. ಆದರೆ ಗುಡುಗುಮಳೆಯ ಮುಂಚಿನ ಗಾಳಿ ಹೇಳಿಕೇಳಿ ಬರುವುದಿಲ್ಲ. ಆದುದರಿಂದ ಎರಡು ರೆಕ್ಕೆಗಳಿಗೂ ಬಾಲಕ್ಕೂ ಹಗ್ಗ ಕಟ್ಟಲು ನೆಲದಲ್ಲಿ ಭದ್ರವಾದ ಬಳೆಗಳನ್ನು ಹೂಳಬೇಕು. ಸಾಧ್ಯವಾದಷ್ಟು ಮೂತಿ ಗಾಳಿಗೆ ಎದುರಾಗಿರುವಂತೆ ಸಾಲುಗಳನ್ನು ಹೂಡಬೇಕು.

ಈ ಸಾಲುಗಳನ್ನು ರನ್‌ವೇಯ ಮಗ್ಗುಲಲ್ಲೇ ಇಡಬಹುದೆ? ಇಡಲಾಗದು. 800 ಮೀಟರಿಗಿಂತ ಕಡಿಮೆ ಉದ್ದ ಸಾಲುವ ವಿಮಾನಗಳಿಗೆಂದು ಮಾಡಿದ, ಕಣ್ಣಳತೆಯಲ್ಲೇ ಇಳಿಯುವ ರನ್‌ವೇಯ ನಡುಗೆರೆಯಿಂದ ಎರಡು ಕಡೆಗೂ 30 ಮೀಟರ್ ನೆಲ ತೆರವಾಗಿರಬೇಕು; ದಾರಿ ತಪ್ಪಿದ ವಿಮಾನಕ್ಕೆ ಅದೇ ರಕ್ಷೆ. ಅಲ್ಲಿಂದಾಚೆಗೆ 5 ಮೀಟರಿಗೆ 1 ಮೀಟರಿನಂತೆ ಏರುವ ಒಂದು ಕಾಣದ ಇಳಿಜಾರನ್ನು ಕಲ್ಪಿಸಿಕೊಳ್ಳಿ. ಯಾವುದೂ ಅದನ್ನು ಚುಚ್ಚಬಾರದು. 2.7 ಮೀಟರ್ ಎತ್ತರದ ವಿಮಾನ ನಡುಗೆರೆಯಿಂದ 43.5 ಮೀಟರ್ ದೂರ ನಿಲ್ಲಬೇಕು. 8 ಮೀಟರಿನ ಹ್ಯಾಂಗರು 70 ಮೀಟರ್ ದೂರ.

ರನ್‌ವೇಯ ತುದಿಗಳಾಚೆ ಈ ಇಳಿಜಾರು ಇನ್ನೂ ಮೆಲ್ಲನೆ ಏರುತ್ತದೆ: 20ಕ್ಕೆ 1ರಂತೆ, 1,600 ಮೀಟರ್ ದೂರದವರೆಗೆ. ಇದು ಬೇಲಿಯನ್ನು ದಾಟಿ ಅನ್ಯರ ನೆಲದ ಮೇಲೆ ಹಾಯುವುದು. ಅಲ್ಲಿ ಕಟ್ಟಡವೋ ರಸ್ತೆಯೋ ಈ ಇಳಿಜಾರಿಗಿಂತ 1 ಮೀಟರ್ ಮೇಲೆದ್ದರೆ ವಿಮಾನ ಇಳಿಯುವ ಗೆರೆ 20 ಮೀಟರ್ ಒಳಕ್ಕೆ ಸರಿಯಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ ವೈಮಾನಿಕ ತರಬೇತಿ ಶಾಲೆಯ ರನ್‌ವೇ ಇದೆ. ಅದರ ಪಶ್ಚಿಮದ ತುದಿ ಬಳ್ಳಾರಿ ರಸ್ತೆಯ ಕಡೆಗೆ. 2010ರ ದಶಕದಲ್ಲಿ ಆ ರಸ್ತೆಗೆ ಮೇಲುಸೇತುವೆ ಬಂದಾಗ ರನ್‌ವೇಯ ಉಪಯೋಗಕ್ಕೆ ತೊಡಕುಂಟಾಗಬಹುದೆಂಬುದು ಎಲ್ಲರಿಗೂ ತಿಳಿಯಿತು.

ಹಾಗಾದರೆ ನಕ್ಷೆಯನ್ನು ಯಾವ ಕ್ರಮದಲ್ಲಿ ಬರೆಯಬೇಕು? ಮೊದಲು ರನ್‌ವೇ ಮತ್ತು ಅದರ ಇಳಿಜಾರುಗಳು, ಬಳಿಕ ವಿಮಾನ ಸಾಗುವ ದಾರಿ, ಆಮೇಲೆ ನಿಲುಗಡೆ, ಕಡೆಗೆ ಹ್ಯಾಂಗರು, ಇಂಧನ, ವಾಹನಗಳ ರಸ್ತೆ. ಹ್ಯಾಂಗರುಗಳನ್ನು ನಿಲುಗಡೆಯ ಒಂದು ತುದಿಯಿಂದ ಆರಂಭಿಸಿ ಸಾಲಾಗಿ ಕಟ್ಟಿದರೆ ಮುಂದೆ ಬೆಳೆಯಲು ಇನ್ನೊಂದು ತುದಿ ತೆರೆದಿರುತ್ತದೆ. ನಡುವೆ ಕಟ್ಟಿದರೆ ಎರಡು ಕಡೆಯೂ ಬೆಳವಣಿಗೆ ಮುಚ್ಚಿಹೋಗುತ್ತದೆ. ಇವೆಲ್ಲ ಆದ ಮೇಲೆ ಉಳಿದ ನೆಲವನ್ನು ಮಾತ್ರ ಬಾಡಿಗೆಗೆ ಕೊಡಬಹುದು. ಹುಲ್ಲು ಬೆಳೆದ ಬಯಲು ಕೆಲಸವಿಲ್ಲದ ಬಯಲಲ್ಲ. ಒಮ್ಮೆ ಕಟ್ಟಡ ಎದ್ದರೆ ಅದನ್ನು ಮರಳಿ ಪಡೆಯುವುದು ಬಲು ಕಷ್ಟ.