ಬೋರ್ಡೋ ದ್ರಾವಣದಲ್ಲಿ ಪ್ರಕ್ಷೇಪವನ್ನು ಗುರುತಿಸುವ ಬಗೆ

ತಿಳಿಯಾದ ಎರಡು ದ್ರಾವಣಗಳನ್ನು ಕೂಡಿಸಿದೊಡನೆ, ನೀರಿನಲ್ಲಿ ಕರಗದ ಪದಾರ್ಥವೊಂದು ಹುಟ್ಟಿ, ನೀರನ್ನು ಕದಡಿಸಿ, ಕ್ರಮೇಣ ತಳಕ್ಕೆ ಇಳಿಯುವುದುಂಟು. ಈ ಕ್ರಿಯೆಗೆ ಪ್ರಕ್ಷೇಪನವೆಂದೂ, ಇಳಿದ ಪದಾರ್ಥಕ್ಕೆ ಪ್ರಕ್ಷೇಪವೆಂದೂ ಹೆಸರು. ರೈತನು ಬೋರ್ಡೋ ದ್ರಾವಣವನ್ನು ಸಿದ್ಧಪಡಿಸುವಾಗ ನಡೆಯುವುದು ಇದೇ ಕ್ರಿಯೆಯಾಗಿರುತ್ತದೆ.

ಬೆಳಗಾವಿಯ ಸುತ್ತಲೂ ಖಾನಾಪುರ ತಾಲೂಕಿನಲ್ಲಿಯೂ ಮುಂಗಾರಿನಲ್ಲಿ ಬಟಾಟೆಯನ್ನು ಬೆಳೆಯುತ್ತಾರೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಹೋದಂತೆ ಮಳೆ ಹೆಚ್ಚು. ಮೋಡ ಕವಿದು ಎಲೆಗಳು ಬಹಳ ಹೊತ್ತು ತೊಯ್ದಿದ್ದರೆ, ಅಂಗಮಾರಿ ರೋಗವು ಕೆಲವೇ ದಿನಗಳಲ್ಲಿ ಹೊಲವನ್ನು ಕರಕಾಗಿಸಬಲ್ಲದು. ಅಡಿಕೆಯ ಕೊಳೆರೋಗವನ್ನುಂಟುಮಾಡುವುದೂ ಇದೇ ಕುಲದ ಸೂಕ್ಷ್ಮಜೀವಿಯೇ. ಫ್ರಾನ್ಸ್ ದೇಶದಲ್ಲಿ ಮಿಲಾರ್ಡೆ ಎಂಬ ವಿದ್ವಾಂಸರು 1885ರಲ್ಲಿ ದ್ರಾಕ್ಷಿಯ ರೋಗಕ್ಕೆ ಪ್ರಕಟಪಡಿಸಿದ ಈ ಔಷಧವನ್ನು, ಮೈಸೂರು ಸಂಸ್ಥಾನದ ಡಾ. ಲೆಸ್ಲಿ ಕೋಲ್ಮನ್ನರು ಕೊಳೆರೋಗಕ್ಕೆ ಉಪಯೋಗಿಸಲು ತಿಳಿಸಿದರು. ಆ ರೋಗವನ್ನು ಕುರಿತ ಅವರ ಗ್ರಂಥವು 1910ರಲ್ಲಿ ಪ್ರಕಟವಾಯಿತು.

ಮೊದಲು ಸಣ್ಣ ಪರೀಕ್ಷೆಯೊಂದನ್ನು ಮಾಡಿ ನೋಡಬೇಕು. ಸುಣ್ಣವನ್ನು ನೀರಿನಲ್ಲಿ ಕದಡಿ, ಕೆನೆಯು ತಂಗಿದ ಮೇಲೆ ತಿಳಿನೀರನ್ನು ಗಾಜಿನ ಲೋಟಕ್ಕೆ ಬಸಿದುಕೊಳ್ಳತಕ್ಕದ್ದು. ಅದಕ್ಕೆ ಮೈಲುತುತ್ತದ ನೀಲಿ ದ್ರಾವಣವನ್ನು ಹನಿಹನಿಯಾಗಿ ಬಿಟ್ಟರೆ, ಎರಡೂ ತಿಳಿಯಾಗಿದ್ದರೂ ನೀಲಿ ಹತ್ತಿಯಂಥ ಪದಾರ್ಥವು ಕಾಣಿಸಿಕೊಳ್ಳುತ್ತದೆ. ತಾಮ್ರವು ಸುಣ್ಣದೊಡನೆ ಕೂಡಿ ನೀರಿನಲ್ಲಿ ಕರಗದ ಲವಣವಾಗುವುದೇ ಇದಕ್ಕೆ ಕಾರಣ. ತಂಗಿದ ಮೇಲೆ ಮೇಲಿನ ನೀರು ಬಣ್ಣವಿಲ್ಲದಿದ್ದರೆ ತಾಮ್ರವೆಲ್ಲ ಇಳಿದಿದೆಯೆಂದೂ, ನೀಲಿಯಾಗಿದ್ದರೆ ಸುಣ್ಣ ಸಾಲದೆಂದೂ ತಿಳಿಯಬೇಕು.

ಎಲ್ಲ ಕದಡಿಕೆಯೂ ಪ್ರಕ್ಷೇಪನವಲ್ಲ. ಕರಗದ ಸುಣ್ಣದಿಂದ ಬಿಳಿಚಿದ ನೀರಿನಲ್ಲಿ ಹೊಸ ಪದಾರ್ಥವು ಹುಟ್ಟಿರುವುದಿಲ್ಲ. ಮೈಲುತುತ್ತದಲ್ಲಿ ಅದ್ದಿದ ಕಬ್ಬಿಣದ ಚಾಕುವಿಗೆ ಕೆಂಪು ಹತ್ತುವುದೂ ಪ್ರಕ್ಷೇಪನವಲ್ಲ. ಅಲ್ಲಿ ಕಬ್ಬಿಣವು ಕರಗಿ, ತಾಮ್ರವು ಅದರ ಸ್ಥಾನವನ್ನು ಪಡೆಯುತ್ತದೆ. ಆದರೆ ದ್ರಾವಣದ ಪರೀಕ್ಷೆಗೆ ಈ ಚಾಕು ಬಹಳ ಉಪಯುಕ್ತ.

ಹೊಲಕ್ಕೆ 100 ಲೀಟರ್ ನೀರಿನಲ್ಲಿ 1 ಕಿಲೋಗ್ರಾಂ ಮೈಲುತುತ್ತವೂ 1 ಕಿಲೋಗ್ರಾಂ ಸುಟ್ಟ ಸುಣ್ಣವೂ ಬೇಕು. ಹಳೆಯ ಸುಣ್ಣವು ಗಾಳಿಗೆ ಸೀಮೆಸುಣ್ಣದಂತಾಗಿ ಬಲವನ್ನು ಕಳೆದುಕೊಳ್ಳುವುದರಿಂದ, ಹೊಸ ಸುಣ್ಣವನ್ನೇ ಅರಳಿಸಿ ಶೋಧಿಸಿಕೊಳ್ಳತಕ್ಕದ್ದು. ಎರಡನ್ನೂ ಬೇರೆಬೇರೆಯಾಗಿ ಮಣ್ಣಿನ, ಮರದ ಅಥವಾ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಮೆಲ್ಲಗೆ ಹಾಕುತ್ತ ಕದಡಬೇಕು. ಕಬ್ಬಿಣದ ಪಾತ್ರೆ ಸಲ್ಲದು.

ಬಳಿಕ ಹೊಳಪುಳ್ಳ ಚಾಕುವನ್ನು ಒಂದೆರಡು ನಿಮಿಷ ಅದ್ದಿ ನೋಡತಕ್ಕದ್ದು. ಕೆಂಪು ಹತ್ತಿದರೆ ಇಳಿಯದ ತಾಮ್ರವು ಉಳಿದಿದೆ. ಅದು ಎಲೆಗಳನ್ನು ಸುಡುವುದು. ಕೆಂಪು ಹತ್ತದವರೆಗೂ ಸುಣ್ಣದ ನೀರನ್ನು ಸೇರಿಸಬೇಕು. ಸಿದ್ಧವಾದ ದ್ರಾವಣವನ್ನು ಅಂದೇ ಉಪಯೋಗಿಸಬೇಕು. ತಡವಾದರೆ ಮೃದುವಾದ ಪ್ರಕ್ಷೇಪವು ಕಣಕಣವಾಗಿ ಎಲೆಗೆ ಅಂಟದೆ, ಪಂಪಿನ ಬಾಯನ್ನು ಕಟ್ಟುವುದು. ಮಳೆ ಬಿಟ್ಟಿರುವಾಗ, ರೋಗ ಕಾಣುವ ಮೊದಲೇ, ಎಲೆಯ ಎರಡೂ ಬದಿಗೆ ತಗಲುವಂತೆ ಸಿಂಪಡಿಸತಕ್ಕದ್ದು.